ಮಸ್ಟಾಂಗ್‌ನ ಸವೆದ ಕ್ರೌನ್-ಪಿನಿಯನ್ ಬದಲಿಸುವುದು ಹೇಗೆ? ಫೋರ್ಡ್ 8.8 ಡಿಫರೆನ್ಷಿಯಲ್‌ನ ಸಮಗ್ರ ಮಾರ್ಗದರ್ಶಿ

ಫಾಕ್ಸ್ ಬಾಡಿ ಮಸ್ಟಾಂಗ್ ಅಂತ ಕರೆಯುವ ಕಾರುಗಳು 1979ರಿಂದ 1993ರವರೆಗೆ ತಯಾರಾದವು. 1986ರಿಂದ ಅವುಗಳ 5.0 ಲೀಟರ್ ವಿ8 ಮಾದರಿಗೆ ಫೋರ್ಡ್ 8.8 ಇಂಚಿನ ಹಿಂದಿನ ಆಕ್ಸಲ್ ಹಾಕಿತು. 8.8 ಅನ್ನೋದು ಕ್ರೌನ್ ಗೇರ್‌ನ, ಅಂದರೆ ಚಕ್ರಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರದ ವ್ಯಾಸ. ಇಂಜಿನ್ ಕಡೆಯಿಂದ ಬಂದು ಅದನ್ನು ತಿರುಗಿಸುವ ಚಿಕ್ಕ ಗೇರೇ ಪಿನಿಯನ್, ಇವೆರಡೂ ಇರುವ ಹಿಂದಿನ ಆಕ್ಸಲ್‌ನ ಮಧ್ಯಭಾಗವೇ ಡಿಫರೆನ್ಷಿಯಲ್. ಗಟ್ಟಿಮುಟ್ಟಾದ ಆಕ್ಸಲ್ ಅದು. ಆದರೂ ಇಷ್ಟು ವರ್ಷ ಓಡಿದ ಮೇಲೆ, ಅದರಲ್ಲೂ ಹಳೇ ಆಯಿಲ್‌ನಲ್ಲೇ ಓಡಿದ ಮೇಲೆ, ಹಲ್ಲುಗಳು ಸವೆದು ಗುಂಯ್ ಅನ್ನುವುದು ಸಹಜ. ಅಮೆರಿಕದಲ್ಲಿ ಇವನ್ನು ಬದಲಿಸುವ ಕೆಲಸವನ್ನು ಸ್ವಂತ ಗ್ಯಾರೇಜಿನಲ್ಲೇ ಮಾಡಿಕೊಳ್ಳುವವರು ಬಹಳ. ಅಲ್ಲಿ ಈ ಜೋಡಿಗೆ ರಿಂಗ್ ಅಂಡ್ ಪಿನಿಯನ್ ಅನ್ನುತ್ತಾರೆ. ನಮ್ಮ ಲಾರಿ, ಜೀಪು ಗ್ಯಾರೇಜುಗಳಲ್ಲಿ ಕ್ರೌನ್-ಪಿನಿಯನ್ ಅಂದರೆ ಎಲ್ಲರಿಗೂ ಗೊತ್ತು. ಇಲ್ಲೂ ಹಾಗೇ ಕರೆಯೋಣ.

ಬಿಚ್ಚೋದು, ಜೋಡಿಸೋದು ಇದರಲ್ಲಿ ಕಷ್ಟದ ಭಾಗ ಅಲ್ಲ. ಕಷ್ಟ ಇರುವುದು ಅಳತೆಯಲ್ಲಿ. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಮಷಿನ್ ಶಾಪಿನವರು 'ಥೌ' ಅನ್ನುತ್ತಾರೆ. ಮೂರು ನಾಲ್ಕು ಥೌ ಆಚೀಚೆ ಆದರೂ ಹೊಸ ಗೇರ್ ಹಳೆಯದಕ್ಕಿಂತ ಜಾಸ್ತಿ ಕೂಗುತ್ತದೆ. ಇಂಜಿನ್ ಬಿಚ್ಚಿ ಕಟ್ಟಿದವರೂ ಡಿಫರೆನ್ಷಿಯಲ್ ಅಂದರೆ ಹಿಂದೇಟು ಹಾಕುವುದು ಇದಕ್ಕೇ. ತಾಳ್ಮೆ ಇದ್ದು, ಡಯಲ್ ಗೇಜ್ ಓದಲು ಬಂದರೆ ನೀವೂ ಮಾಡಬಹುದು.

ಸದ್ದು ಎಲ್ಲಿಂದ ಬರುತ್ತಿದೆ?

ಹಿಂದಿನಿಂದ ಸದ್ದು ಬಂದ ಕೂಡಲೇ ಗೇರ್ ಸೆಟ್ ಆರ್ಡರ್ ಮಾಡಬೇಡಿ. ಟೈರ್, ವೀಲ್ ಬೇರಿಂಗ್, ಯೂನಿವರ್ಸಲ್ ಜಾಯಿಂಟ್ ಎಲ್ಲದರ ತಪ್ಪನ್ನೂ ಡಿಫರೆನ್ಷಿಯಲ್ ತಲೆಗೆ ಕಟ್ಟುವವರಿದ್ದಾರೆ.

ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಅಂದು, ಕಾಲು ತೆಗೆದ ತಕ್ಷಣ ಸದ್ದು ನಿಂತರೆ ಅಥವಾ ಬೇರೆ ಥರ ಆದರೆ, ಅನುಮಾನ ಕ್ರೌನ್-ಪಿನಿಯನ್ ಮೇಲೆ. ಕಾಲಿಟ್ಟರೂ ತೆಗೆದರೂ ಒಂದೇ ಸಮನೆ ಗೊರಗೊರ ಅಂದರೆ ಅದು ಹೆಚ್ಚಾಗಿ ಬೇರಿಂಗ್ ಅಥವಾ ಟೈರ್. ರಸ್ತೆ ಬದಲಾದಾಗ ಸದ್ದೂ ಬದಲಾದರೆ ಟೈರೇ. ಗೇರ್‌ಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ 'ಟಕ್' ಅಂದರೆ ಮೊದಲು ಯೂನಿವರ್ಸಲ್ ಜಾಯಿಂಟ್ ಅಲ್ಲಾಡಿಸಿ ನೋಡಿ. ತಿರುವಿನಲ್ಲಿ ಮಾತ್ರ ಕಟಕಟ ನಡುಗಿದರೆ ಟ್ರಾಕ್ಷನ್-ಲಾಕ್‌ನ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ವ್ಯವಸ್ಥೆ) ಕ್ಲಚ್ ಪ್ಲೇಟುಗಳು ಸವೆದಿರಬಹುದು. ಎಷ್ಟೋ ಸಲ ಫ್ರಿಕ್ಷನ್ ಮಾಡಿಫೈಯರ್ (ಆ ಪ್ಲೇಟುಗಳು ಸಲೀಸಾಗಿ ಜಾರಲು ಆಯಿಲ್‌ಗೆ ಬೆರೆಸುವ ದ್ರವ) ಹಾಕದೇ ಇದ್ದುದಷ್ಟೇ ಕಾರಣ.

ಕೊನೆಯ ಸಾಕ್ಷಿ ಕವರ್ ಬಿಚ್ಚಿದಾಗ ಸಿಗುತ್ತದೆ. ಒಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚಕ್ಕೆಗಳು ಇದ್ದರೆ ಮಾತ್ರ ಯೋಚಿಸಬೇಕು. ಹಲ್ಲಿನ ಮೇಲೆ ಗುಳಿ ಬಿದ್ದಿದ್ದರೆ, ಗೀರು ಉಗುರಿಗೆ ತಾಗಿದರೆ, ಅಂಚು ಕಿತ್ತಿದ್ದರೆ ಆ ಸೆಟ್‌ನ ಕಥೆ ಮುಗಿಯಿತು.

ಯಾವ ಅನುಪಾತ ತರಬೇಕು?

ಹೇಗೂ ಬದಲಿಸುತ್ತೀರಿ, ಹಾಗಾಗಿ ಅನುಪಾತದ ಬಗ್ಗೆ, ಅಂದರೆ ಕ್ರೌನ್ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತಬೇಕು ಅನ್ನುವುದರ ಬಗ್ಗೆ, ಈಗಲೇ ತೀರ್ಮಾನಿಸಿ. ಈ ಕಾರುಗಳಿಗೆ ಫ್ಯಾಕ್ಟರಿಯಲ್ಲಿ 2.73, 3.08, 3.27 ಅನುಪಾತಗಳು ಬರುತ್ತಿದ್ದವು. ಜನ ಜಾಸ್ತಿ ಹಾಕಿಸುವುದು 3.55, 3.73, 4.10. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11 ಇದ್ದರೆ 3.73. ಈ ಎರಡು ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನ್‌ನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ.

225/60-15 ಟೈರ್ ಮತ್ತು 0.68 ಐದನೇ ಗೇರ್ ಇರುವ ಟಿ-5 ಗೇರ್‌ಬಾಕ್ಸ್ ಲೆಕ್ಕಕ್ಕೆ ಹಿಡಿಯಿರಿ. ಗಂಟೆಗೆ 100 ಕಿಮೀ ವೇಗದಲ್ಲಿ 2.73 ಇದ್ದಾಗ ಇಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತದೆ. 3.73 ಹಾಕಿದರೆ ಸುಮಾರು 2,060. ಹೈವೇಯಲ್ಲಿ ಇದೇನೂ ಕಿರಿಕಿರಿ ಅಲ್ಲ, ಆದರೆ ಸಿಗ್ನಲ್‌ನಿಂದ ಹೊರಡುವಾಗ ಕಾರೇ ಬೇರೆ ಅನ್ನಿಸುತ್ತದೆ. ರಸ್ತೆಯಲ್ಲಿ ಓಡಿಸುವ ಮ್ಯಾನುಯಲ್ ಗೇರ್ ಕಾರಿಗೆ 3.73 ಸಾಕು ಅಂತ ನನ್ನ ಅಭಿಪ್ರಾಯ. 8.8ರಲ್ಲಿ ಇನ್ನೊಂದು ಅನುಕೂಲ ಇದೆ. ಈ ಎಲ್ಲ ಅನುಪಾತಕ್ಕೂ ಒಂದೇ ಕ್ಯಾರಿಯರ್ (ಕ್ರೌನ್ ಗೇರ್ ಅನ್ನು ಹೊತ್ತು ತಿರುಗುವ ಭಾಗ) ನಡೆಯುತ್ತದೆ.

ಕ್ರೌನ್ ಮತ್ತು ಪಿನಿಯನ್ ಯಾವತ್ತೂ ಜೋಡಿಯಾಗೇ ಬರುತ್ತವೆ. ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ತಿಕ್ಕಿಸಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ನಂಬರ್ ಇರುತ್ತದೆ. ಪಿನಿಯನ್ ಮಾತ್ರ ಸವೆದಿದೆ ಅಂತ ಅದೊಂದನ್ನೇ ಬದಲಿಸುವ ಹಾಗಿಲ್ಲ.

ಏನೇನು ಬೇಕು

ಗೇರ್ ಸೆಟ್ ಜೊತೆ ಪೂರ್ತಿ ಇನ್‌ಸ್ಟಲೇಷನ್ ಕಿಟ್ ತರಿಸಿ: ಪಿನಿಯನ್ನಿನ ಎರಡು ಬೇರಿಂಗ್, ಕ್ಯಾರಿಯರ್‌ನ ಎರಡು ಬೇರಿಂಗ್, ಅವುಗಳ ಕಪ್‌ಗಳು, ಆಯಿಲ್ ಸೀಲ್, ಕ್ರಷ್ ಸ್ಲೀವ್, ಪಿನಿಯನ್ ನಟ್, ಶಿಮ್‌ಗಳು (ಅಂತರ ಹೊಂದಿಸಲು ಮಧ್ಯೆ ಇಡುವ, ಅಳತೆ ದಪ್ಪದ ಲೋಹದ ಬಳೆಗಳು), ಮಾರ್ಕಿಂಗ್ ಪೇಸ್ಟ್. ಹಳೇ ಬೇರಿಂಗ್ ಚೆನ್ನಾಗಿದೆ ಅಂತ ಉಳಿಸಿಕೊಳ್ಳಬೇಡಿ. ಕ್ರಷ್ ಸ್ಲೀವ್ ಮಾತ್ರ ಒಂದೆರಡು ಜಾಸ್ತಿ ಇರಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮಾಮೂಲಿ ಸಾಕೆಟ್ ಸೆಟ್‌ನಿಂದಾಚೆ ಬೇಕಾಗುವುದು ಇವು: ಅಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಮೈಕ್ರೋಮೀಟರ್, ಹೈಡ್ರಾಲಿಕ್ ಪ್ರೆಸ್, ಬೇರಿಂಗ್ ಪುಲ್ಲರ್, ಫ್ಲಾಂಜ್ (ಪಿನಿಯನ್ ತುದಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಭಾಗ) ಹಿಡಿಯಲು ಉದ್ದನೆ ಹಿಡಿಕೆ, ಒಂದು ದೊಡ್ಡ ಟಾರ್ಕ್ ರೆಂಚ್. ಇದರ ಜೊತೆಗೆ ಪೌಂಡ್-ಇಂಚು ತೋರಿಸುವ, ಮುಳ್ಳು ಇರುವ ಚಿಕ್ಕ ಟಾರ್ಕ್ ರೆಂಚ್ ಬೇಕೇ ಬೇಕು. 'ಕ್ಲಿಕ್' ಅನ್ನುವ ರೆಂಚ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಪಿನಿಯನ್ ತಿರುಗುತ್ತಿರುವಾಗಲೇ ಎಷ್ಟು ಬಿಗಿ ಇದೆ ಅಂತ ಓದಬೇಕು.

ಪ್ರೆಸ್ ಇಲ್ಲದಿದ್ದರೆ ಬೇರಿಂಗ್ ಕೂರಿಸುವ ಕೆಲಸ ಮಾತ್ರ ಮಷಿನ್ ಶಾಪಿನಲ್ಲಿ ಮಾಡಿಸಿ. ಸುತ್ತಿಗೆಯಿಂದ ಬಡಿದು ಕೂರಿಸುವ ಯೋಚನೆ ಬೇಡ.

ಬಿಚ್ಚುವ ಕೆಲಸ

ಮುಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು ಹಿಂಭಾಗ ಎತ್ತಿ. ಬಾಡಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಡಿ, ಆಕ್ಸಲ್ ಟ್ಯೂಬ್‌ಗಳ ಕೆಳಗೂ ಬೇರೆ ಸ್ಟ್ಯಾಂಡ್ ಇರಲಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಚಕ್ರ, ಬ್ರೇಕ್ ಡ್ರಮ್ ತೆಗೆಯಿರಿ. ಪ್ರೊಪೆಲ್ಲರ್ ಶಾಫ್ಟ್ ಮತ್ತು ಫ್ಲಾಂಜ್ ಎರಡಕ್ಕೂ ಬಣ್ಣದಲ್ಲಿ ಒಂದು ಗೆರೆ ಎಳೆದು, 12 ಎಂಎಂ ಹನ್ನೆರಡು ಮೂಲೆಯ ಸಾಕೆಟ್‌ನಿಂದ ನಾಲ್ಕು ಬೋಲ್ಟ್ ಬಿಚ್ಚಿ. ವಾಪಸ್ ಜೋಡಿಸುವಾಗ ಗೆರೆಗೆ ಗೆರೆ ಕೂರಬೇಕು, ಇಲ್ಲದಿದ್ದರೆ ಕಾರು ನಡುಗಬಹುದು. ಈ ಆಕ್ಸಲ್‌ನಲ್ಲಿ ಡ್ರೈನ್ ಪ್ಲಗ್ ಇಲ್ಲ. ಹಿಂದಿನ ಕವರ್‌ನ ಬೋಲ್ಟುಗಳನ್ನು ಸಡಿಲಿಸಿ, ಕೆಳಗೆ ಟ್ರೇ ಇಟ್ಟು, ಕವರ್ ಸ್ವಲ್ಪ ಮೀಟಿದರೆ ಆಯಿಲ್ ಸುರಿಯುತ್ತದೆ. ನಾತ ಜೋರಾಗಿರುತ್ತದೆ, ಹಳೇ ಬಟ್ಟೆ ಹಾಕಿಕೊಂಡಿರಿ.

ಇಲ್ಲಿ ಕೈ ನಿಲ್ಲಿಸಿ. ಏನನ್ನೂ ಕಳಚುವ ಮೊದಲು ಹಳೇ ಗೇರ್‌ನ ಬ್ಯಾಕ್‌ಲ್ಯಾಷ್ ಅಳೆದು ಬರೆದಿಡಿ. ಪಿನಿಯನ್ ಅಲ್ಲಾಡದ ಹಾಗೆ ಹಿಡಿದು, ಕ್ರೌನ್ ಹಲ್ಲಿಗೆ ಡಯಲ್ ಗೇಜ್ ಮುಳ್ಳು ತಾಗಿಸಿ ಹಿಂದೆ ಮುಂದೆ ಆಡಿಸಿದರೆ ಬರುವ ಪ್ಲೇ ಅದು. ಬೇರಿಂಗ್ ಕ್ಯಾಪ್‌ಗಳ ಮೇಲೆ ಪಂಚ್‌ನಿಂದ ಗುರುತು ಹಾಕಿ: ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು. ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ. ಅದಲುಬದಲಾದರೆ ಅಥವಾ ತಲೆಕೆಳಗಾದರೆ ಬೇರಿಂಗ್ ಹಾಳು.

ಕ್ರಾಸ್ ಪಿನ್ ಹಿಡಿದಿರುವ ಚಿಕ್ಕ ಲಾಕ್ ಬೋಲ್ಟ್ ಬಿಚ್ಚಿ, ಪಿನ್ ಎಳೆಯಿರಿ. ಈ ಬೋಲ್ಟ್ ತುಂಡಾಗುವುದಕ್ಕೆ ಹೆಸರುವಾಸಿ, ನಿಧಾನವಾಗಿ ತಿರುಗಿಸಿ. ಪಿನ್ ಹೊರಬಂದ ಮೇಲೆ ಆಕ್ಸಲ್ ತಿರುಗಿಸಬಾರದು, ಒಳಗಿನ ಸ್ಪೈಡರ್ ಗೇರ್‌ಗಳು ಉದುರುತ್ತವೆ. ಆಕ್ಸಲ್ ಅನ್ನು ಒಳಕ್ಕೆ ತಳ್ಳಿದರೆ ತುದಿಯ ಸಿ-ಕ್ಲಿಪ್ ಕಳಚುತ್ತದೆ. ಆಮೇಲೆ ಸೀಲ್‌ಗೆ ಪೆಟ್ಟಾಗದಂತೆ ಆಕ್ಸಲ್ ಹೊರಗೆಳೆಯಿರಿ. 8.8ರಲ್ಲಿ ಚಕ್ರದ ಬೇರಿಂಗ್‌ನ ರೋಲರ್‌ಗಳು ನೇರ ಆಕ್ಸಲ್ ಮೇಲೇ ಉರುಳುತ್ತವೆ. ಆ ಜಾಗದಲ್ಲಿ ಬೆರಳಾಡಿಸಿ ನೋಡಿ, ಗುಳಿ ಸಿಕ್ಕಿದರೆ ಆಕ್ಸಲ್ಲೂ ಬದಲಾಗಬೇಕು.

ಈಗ ಕ್ಯಾಪ್‌ಗಳ ಬೋಲ್ಟ್ ಸಡಿಲಿಸಿ, ಎರಡು ಮೀಟುಗೋಲಿನಿಂದ ಕ್ಯಾರಿಯರ್ ಸ್ವಲ್ಪ ಸ್ವಲ್ಪವಾಗಿ ಹೊರಗೆ ಮೀಟಿ. ಬಿಗಿಯಾಗಿ ಕೂತಿರುತ್ತದೆ, ಬಿಟ್ಟಾಗ ಒಮ್ಮೆಲೇ ಬರುತ್ತದೆ, ಭಾರವೂ ಇದೆ. ಅದಕ್ಕೇ ಕ್ಯಾಪ್‌ನ ಬೋಲ್ಟ್‌ಗಳನ್ನು ಎರಡು ಸುತ್ತು ಹಿಡಿಸಿಟ್ಟೇ ಮೀಟುವುದು ಜಾಣತನ. ಎಡ ಬಲದ ಶಿಮ್‌ಗಳನ್ನು ಬೇರೆ ಬೇರೆ ಇಟ್ಟು, ದಪ್ಪ ಅಳೆದು ಬರೆಯಿರಿ. ಕೊನೆಗೆ ಪಿನಿಯನ್ ನಟ್ ಬಿಚ್ಚಿ, ಪಿನಿಯನ್ ಅನ್ನು ಹಿಂದಕ್ಕೆ ತಟ್ಟಿ ತೆಗೆಯಿರಿ.

ಪಿನಿಯನ್‌ನ ಆಳ

ಇಡೀ ಕೆಲಸದ ಪ್ರಾಣ ಇಲ್ಲಿದೆ. ಪಿನಿಯನ್ ಕ್ರೌನ್‌ನ ಎಷ್ಟು ಹತ್ತಿರ ಕೂರಬೇಕು ಅನ್ನುವುದನ್ನು ಅದರ ತಲೆಗೂ ಒಳ ಬೇರಿಂಗ್‌ಗೂ ಮಧ್ಯೆ ಇರುವ ಒಂದು ಶಿಮ್ ನಿರ್ಧರಿಸುತ್ತದೆ. ಹಳೇ ಪಿನಿಯನ್‌ನಿಂದ ಬೇರಿಂಗ್ ಕಿತ್ತು, ಅಡಿಯಲ್ಲಿರುವ ಶಿಮ್‌ನ ದಪ್ಪ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಹೌಸಿಂಗ್ ಬದಲಾಗಿಲ್ಲ ಅಲ್ವಾ? ಹಾಗಾಗಿ ಅದೇ ದಪ್ಪದಿಂದ ಶುರು ಮಾಡಿದರೆ ಬಹುತೇಕ ಗುರಿಯ ಹತ್ತಿರವೇ ಇರುತ್ತೀರಿ.

ಆದರೆ ಹೊಸ ಬೇರಿಂಗ್ ಅನ್ನು ಈಗಲೇ ಪ್ರೆಸ್ ಮಾಡಬೇಡಿ. ಶಿಮ್ ಬದಲಿಸಲು ಪ್ರತಿ ಸಲ ಕೀಳಬೇಕಾಗುತ್ತದೆ, ಕೀಳುವಾಗ ಬೇರಿಂಗ್ ಹಾಳಾಗುತ್ತದೆ. ಬಲ್ಲವರು ಹೊಸದೇ ಇನ್ನೊಂದು ಬೇರಿಂಗ್ ತಂದು, ಅದರ ಒಳ ತೂತನ್ನು ಕೈಯಲ್ಲೇ ಜಾರುವಷ್ಟು ಉಜ್ಜಿ ದೊಡ್ಡದು ಮಾಡಿ, ಟ್ರಯಲ್ ಬೇರಿಂಗ್ ಅಂತ ಇಟ್ಟುಕೊಳ್ಳುತ್ತಾರೆ. ಖರ್ಚು ಸ್ವಲ್ಪ, ಉಳಿಯುವ ತಲೆನೋವು ಬಹಳ.

ಹೊಸ ಬೇರಿಂಗ್ ಕಪ್‌ಗಳನ್ನು ಹೌಸಿಂಗ್‌ಗೆ ಹಿತ್ತಾಳೆ ಡ್ರಿಫ್ಟ್‌ನಿಂದ ಸಮನಾಗಿ ಹೊಡೆದು ಕೂರಿಸಿ. ತಳ ಮುಟ್ಟಿದಾಗ ಹೊಡೆತದ ಸದ್ದು ಬದಲಾಗುತ್ತದೆ. ಟ್ರಯಲ್ ಬೇರಿಂಗ್, ಶಿಮ್ ಜೊತೆ ಪಿನಿಯನ್ ತೂರಿಸಿ. ಕ್ರಷ್ ಸ್ಲೀವ್, ಸೀಲ್ ಈಗ ಬೇಡ. ಹಳೇ ನಟ್ ಹಾಕಿ, ಪಿನಿಯನ್ ಅಲ್ಲಾಡದೆ ತುಸು ಬಿಗಿಯಾಗಿ ತಿರುಗುವವರೆಗೆ ನಿಧಾನವಾಗಿ ಟೈಟ್ ಮಾಡಿ. ಸ್ಲೀವ್ ಇಲ್ಲದ ಕಾರಣ ಸ್ವಲ್ಪ ಜಾಸ್ತಿ ತಿರುಗಿಸಿದರೂ ಬೇರಿಂಗ್ ಕಚ್ಚಿಕೊಳ್ಳುತ್ತದೆ, ಹುಷಾರು.

ಕ್ರೌನ್ ಗೇರ್ ಮತ್ತು ಬ್ಯಾಕ್‌ಲ್ಯಾಷ್

ಕ್ಯಾರಿಯರ್‌ನ ಕೂರುವ ಮುಖವನ್ನು ಕಲ್ಲಿನಿಂದ ಹಗುರವಾಗಿ ಉಜ್ಜಿ, ಒಂದು ಕೂದಲೂ ಇರದಂತೆ ಒರೆಸಿ. ಕ್ರೌನ್ ಗೇರ್ ಅನ್ನು ಓವನ್‌ನಲ್ಲಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡಿದರೆ ಸಲೀಸಾಗಿ ಕೂರುತ್ತದೆ. ಗ್ಯಾಸ್ ಟಾರ್ಚ್ ಮುಟ್ಟಿಸಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಹತ್ತು ಬೋಲ್ಟ್‌ಗಳಿಗೂ ಕೆಂಪು ಥ್ರೆಡ್‌ಲಾಕರ್ ಹಾಕಿ, ಎದುರುಬದುರಾಗಿ ಹಂತಹಂತವಾಗಿ ಬಿಗಿದು, ಕೊನೆಗೆ 70ರಿಂದ 85 ಪೌಂಡ್-ಅಡಿಗೆ (95–115 ನ್ಯೂಟನ್-ಮೀಟರ್) ತನ್ನಿ. ಟ್ರಾಕ್ಷನ್-ಲಾಕ್‌ನ ಕ್ಲಚ್ ಪ್ಲೇಟ್ ಬದಲಿಸುವ ಯೋಚನೆ ಇದ್ದರೆ ಇದೇ ಸಮಯ.

ಕ್ಯಾರಿಯರ್ ಬೇರಿಂಗ್ ಪ್ರೆಸ್ ಮಾಡಿ, ಹಳೇ ದಪ್ಪದ ಶಿಮ್‌ಗಳ ಜೊತೆ ಹೌಸಿಂಗ್‌ಗೆ ಇಳಿಸಿ. ಕ್ಯಾಪ್‌ಗಳಿಗೂ ಅದೇ 70–85 ಪೌಂಡ್-ಅಡಿ. ಈಗ ಬ್ಯಾಕ್‌ಲ್ಯಾಷ್ ನೋಡಿ. ಫೋರ್ಡ್ ಹೇಳುವುದು 8ರಿಂದ 15 ಥೌ (0.20–0.38 ಎಂಎಂ). ಹೊಸ ಗೇರ್‌ಗೆ 8ರಿಂದ 12ರ ಒಳಗೆ ಇಟ್ಟರೆ ಒಳ್ಳೆಯದು. ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಒಂದು ಕಡೆಗೂ ಇನ್ನೊಂದು ಕಡೆಗೂ 4 ಥೌಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕ್ರೌನ್‌ನ ಕೆಳಗೆ ಕಸ ಸಿಕ್ಕಿಕೊಂಡಿದೆ ಅಥವಾ ಗೇರ್ ಓರೆಯಾಗಿ ಕೂತಿದೆ.

ಈ ಆಕ್ಸಲ್‌ನಲ್ಲಿ ಕ್ರೌನ್ ಇರುವುದು ಎಡಗಡೆ. ಎಡ ಶಿಮ್ ದಪ್ಪ ಮಾಡಿ ಬಲದ್ದು ಅಷ್ಟೇ ತೆಳು ಮಾಡಿದರೆ ಕ್ರೌನ್ ಪಿನಿಯನ್ ಹತ್ತಿರ ಸರಿಯುತ್ತದೆ, ಬ್ಯಾಕ್‌ಲ್ಯಾಷ್ ಕಮ್ಮಿ ಆಗುತ್ತದೆ. ಉಲ್ಟಾ ಮಾಡಿದರೆ ಜಾಸ್ತಿ ಆಗುತ್ತದೆ. 10 ಥೌ ಸರಿಸಿದರೆ ಬ್ಯಾಕ್‌ಲ್ಯಾಷ್ ಅಂದಾಜು 7 ಥೌ ಬದಲಾಗುತ್ತದೆ.

ಪ್ಯಾಟರ್ನ್ ಓದುವುದು

ಗೇಜ್ ಏನೇ ಹೇಳಲಿ, ತೀರ್ಪು ಕೊಡುವುದು ಹಲ್ಲಿನ ಮೇಲೆ ಮೂಡುವ ಗುರುತು. ಮಾರ್ಕಿಂಗ್ ಪೇಸ್ಟ್‌ಗೆ ಎರಡು ಹನಿ ಆಯಿಲ್ ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಕ್ರೌನ್‌ನ ಎರಡು ಮೂರು ಕಡೆ, ತಲಾ ನಾಲ್ಕು ಹಲ್ಲಿನ ಎರಡೂ ಮುಖಕ್ಕೆ ತೆಳ್ಳಗೆ ಬಳಿಯಿರಿ. ಕ್ರೌನ್‌ಗೆ ಒಂದು ಕಟ್ಟಿಗೆ ಅಥವಾ ಬಟ್ಟೆ ಉಂಡೆ ಒತ್ತಿ ತಡೆ ಕೊಡುತ್ತಾ, ಪಿನಿಯನ್ ಅನ್ನು ಎರಡೂ ದಿಕ್ಕಿಗೆ ಹಲವು ಸುತ್ತು ತಿರುಗಿಸಿ. ಈ ತಡೆ ಮುಖ್ಯ. ಸುಮ್ನೆ ತಿರುಗಿಸಿದರೆ ಗುರುತು ಮಸುಕಾಗಿ ಬರುತ್ತದೆ, ಏನೂ ಅರ್ಥ ಆಗಲ್ಲ.

ಈಗ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಪೇಸ್ಟ್ ಒರೆಸಿಹೋಗಿ ಲೋಹ ಕಾಣುವ ಮೊಟ್ಟೆಯಾಕಾರದ ಜಾಗವೇ ಪ್ಯಾಟರ್ನ್. ಹಲ್ಲಿನ ಉಬ್ಬಿದ ಮುಖ ಕಾರು ಮುಂದೆ ಎಳೆಯುವಾಗ ಕೆಲಸ ಮಾಡುತ್ತದೆ, ತಗ್ಗಿದ ಮುಖ ಕಾಲು ತೆಗೆದಾಗ. ಗುರುತು ಹಲ್ಲಿನ ಮೇಲಂಚು ಮತ್ತು ಬುಡದ ನಡುವೆ ಮಧ್ಯದಲ್ಲಿರಬೇಕು, ಅಂಚುಗಳಲ್ಲಿ ಮೆಲ್ಲಗೆ ಮಾಸಿಹೋಗಬೇಕು. ಕತ್ತರಿಸಿದ ಹಾಗೆ ಚೂಪಾದ ಗೆರೆ ಕಂಡರೆ ಅಲ್ಲಿ ಹಲ್ಲು ಒತ್ತುತ್ತಿದೆ ಅಂತ.

ಎರಡೂ ಮುಖದಲ್ಲಿ ಗುರುತು ಮೇಲಂಚಿಗೆ ಅಂಟಿದ್ದರೆ ಪಿನಿಯನ್ ದೂರ ಇದೆ. ಪಿನಿಯನ್ ಶಿಮ್ ದಪ್ಪ ಮಾಡಿ. ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಹತ್ತಿರ ಇದೆ, ಶಿಮ್ ತೆಳು ಮಾಡಿ. ಆಳ ಸರಿಯಿದ್ದೂ ಗುರುತು ಹಲ್ಲಿನ ಒಳಗಿನ ಕಿರಿದಾದ ತುದಿಗೆ ಸರಿದಿದ್ದರೆ ಬ್ಯಾಕ್‌ಲ್ಯಾಷ್ ಸ್ವಲ್ಪ ಜಾಸ್ತಿ ಮಾಡಿ. ಹೊರಗಿನ ಅಗಲ ತುದಿಗೆ ಹೋಗಿದ್ದರೆ ಕಮ್ಮಿ ಮಾಡಿ. ಗುರುತು ಉದ್ದಕ್ಕೆ ಆಚೀಚೆ ಸ್ವಲ್ಪ ಸರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎತ್ತರದಲ್ಲಿ ಮಾತ್ರ ರಾಜಿ ಬೇಡ.

ಮೊದಲ ಬದಲಾವಣೆ 5 ಥೌ ಇರಲಿ, ಗುರುತು ಯಾವ ಕಡೆ ಓಡುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಆಮೇಲೆ 2–3 ಥೌ ಲೆಕ್ಕದಲ್ಲಿ ಹತ್ತಿರ ಬನ್ನಿ. ಪ್ರತಿ ಸಲ ಶಿಮ್ ಬದಲಿಸಿದಾಗ ಬ್ಯಾಕ್‌ಲ್ಯಾಷ್ ಮತ್ತೆ ಹೊಂದಿಸಿಯೇ ಪ್ಯಾಟರ್ನ್ ತೆಗೆಯಬೇಕು. ಪ್ರತಿ ಪ್ಯಾಟರ್ನ್‌ನ ಫೋಟೋ ತೆಗೆದು ಪಕ್ಕದಲ್ಲಿ ಶಿಮ್ ದಪ್ಪ ಬರೆದಿಡಿ. ನಾಲ್ಕನೇ ಸಲಕ್ಕೆ ಯಾವುದು ಯಾವುದು ಅಂತ ಯಾರಿಗೂ ನೆನಪಿರಲ್ಲ. ಇಲ್ಲಿ ಅರ್ಧ ದಿನ ಹೋದರೂ ಹೋಗಲಿ.

ಕ್ರಷ್ ಸ್ಲೀವ್

ಪ್ಯಾಟರ್ನ್ ಒಪ್ಪಿಗೆಯಾದ ಮೇಲೆ ಎಲ್ಲ ಹೊರಗೆ ತೆಗೆದು, ಆ ಶಿಮ್ ಹಾಕಿ ನಿಜವಾದ ಬೇರಿಂಗ್ ಪ್ರೆಸ್ ಮಾಡಿ. ಬೇರಿಂಗ್‌ಗಳಿಗೆ ಗೇರ್ ಆಯಿಲ್ ಸವರಿ. ಹೊಸ ಕ್ರಷ್ ಸ್ಲೀವ್, ಹೊರ ಬೇರಿಂಗ್, ಸೀಲ್, ಫ್ಲಾಂಜ್, ಹೊಸ ನಟ್, ಇದೇ ಕ್ರಮ.

ಸ್ಲೀವ್ ಅಂದರೆ ಒತ್ತಿದಾಗ ಕುಗ್ಗುವ ಉಕ್ಕಿನ ಕೊಳವೆ. ಅದು ಕುಗ್ಗಲು ಶುರುವಾಗುವ ತನಕ ಮೈಯ ಬಲವೆಲ್ಲ ಹಾಕಬೇಕು. ಫ್ಲಾಂಜ್‌ಗೆ ಉದ್ದನೆ ಹಿಡಿಕೆ ಬಿಗಿದು ನೆಲಕ್ಕೆ ಆನಿಸಿ, ರೆಂಚ್‌ಗೆ ಪೈಪ್ ಹಾಕಿ ಎಳೆಯಿರಿ. ಪಿನಿಯನ್‌ನ ಮುಂದೆ ಹಿಂದೆ ಆಡುವ ಪ್ಲೇ ಹೋದ ಕ್ಷಣದಿಂದ ಸ್ವಲ್ಪ ಸ್ವಲ್ಪವೇ. ನಟ್ ಒಂದಿಷ್ಟು ತಿರುಗಿಸಿ, ಪಿನಿಯನ್ ಹತ್ತಾರು ಸುತ್ತು ಸುತ್ತಿಸಿ, ಚಿಕ್ಕ ರೆಂಚ್‌ನಿಂದ ಬಿಗಿ ಓದಿ. ಹೊಸ ಬೇರಿಂಗ್‌ಗೆ 16ರಿಂದ 29 ಪೌಂಡ್-ಇಂಚು (1.8–3.3 ನ್ಯೂಟನ್-ಮೀಟರ್) ಬರಬೇಕು. ಕ್ಯಾರಿಯರ್ ಹೊರಗಿರುವಾಗಲೇ ಇದನ್ನು ಅಳೆಯಬೇಕು. 10 ಇದ್ದದ್ದು ಒಂದೇ ಎಳೆತಕ್ಕೆ 35 ದಾಟುವುದು ತೀರಾ ಸುಲಭ.

ದಾಟಿದರೆ ನಟ್ ಹಿಂದಕ್ಕೆ ತಿರುಗಿಸಿ ಸರಿ ಮಾಡಲು ಹೋಗಬೇಡಿ. ಕುಗ್ಗಿದ ಸ್ಲೀವ್ ಮತ್ತೆ ಹಿಗ್ಗಲ್ಲ, ನಟ್ ಸಡಿಲವಾಗಿ ಉಳಿಯುತ್ತದೆ. ಬಿಚ್ಚಿ, ಹೊಸ ಸ್ಲೀವ್ ಹಾಕಿ. ಒಂದೆರಡು ಜಾಸ್ತಿ ತನ್ನಿ ಅಂದಿದ್ದು ಇದಕ್ಕೇ. ನಟ್ 140 ಪೌಂಡ್-ಅಡಿ (190 ನ್ಯೂಟನ್-ಮೀಟರ್) ಬಲವನ್ನೂ ಕೇಳದೆ ಬೇರಿಂಗ್‌ಗೆ ಬೇಕಾದ ಆ ಬಿಗಿ (ಪ್ರಿಲೋಡ್) ಬಂದುಬಿಟ್ಟರೂ ಸ್ಲೀವ್ ಬದಲಿಸಬೇಕು.

ಕೊನೆಯ ಜೋಡಣೆ

ಕ್ಯಾರಿಯರ್ ಬೇರಿಂಗ್‌ಗಳಿಗೂ ಬಿಗಿ ಬೇಕು. ಸಡಿಲವಾಗಿ ಕೂರುವ ಶಿಮ್‌ಗಳಲ್ಲಿ ಬ್ಯಾಕ್‌ಲ್ಯಾಷ್ ಹೊಂದಿಸಿದ್ದರೆ ಎಡ ಬಲ ಎರಡೂ ಕಡೆ ಅದಕ್ಕಿಂತ 6 ಥೌ ಜಾಸ್ತಿ ದಪ್ಪದ್ದು ಹಾಕಿ. ಕೊನೆಯ ಶಿಮ್ ಕೈಯಲ್ಲಿ ತಳ್ಳಿದರೆ ಒಳಗೆ ಹೋಗಬಾರದು, ಹಗುರವಾಗಿ ತಟ್ಟಿಯೇ ಇಳಿಸಬೇಕು. ಕ್ಯಾಪ್ ಬಿಗಿದು ಬ್ಯಾಕ್‌ಲ್ಯಾಷ್, ಪ್ಯಾಟರ್ನ್ ಎರಡನ್ನೂ ಇನ್ನೊಮ್ಮೆ ತೆಗೆಯಿರಿ.

ಆಕ್ಸಲ್ ತೂರಿಸಿ, ಸಿ-ಕ್ಲಿಪ್ ಕೂರಿಸಿ, ಆಕ್ಸಲ್ ಹೊರಕ್ಕೆ ಎಳೆದರೆ ಕ್ಲಿಪ್ ತನ್ನ ಗುಳಿಯಲ್ಲಿ ಅಡಗುತ್ತದೆ. ಕ್ರಾಸ್ ಪಿನ್ ಹಾಕಿ. ಅದರ ಲಾಕ್ ಬೋಲ್ಟ್ ಹೊಸದೇ ಇರಲಿ, ಥ್ರೆಡ್‌ಲಾಕರ್ ಜೊತೆ 15–30 ಪೌಂಡ್-ಅಡಿ. ಈ ಬೋಲ್ಟ್ ಬಿದ್ದರೆ ಪಿನ್ ಹೊರಬರುತ್ತದೆ, ಪಿನ್ ಬಂದರೆ ಕ್ಲಿಪ್, ಕ್ಲಿಪ್ ಬಿದ್ದರೆ ಚಕ್ರ ಸಮೇತ ಆಕ್ಸಲ್ಲೇ ಈಚೆ ಬರುತ್ತದೆ. ಒಮ್ಮೆ ಬಿಗಿದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡುವುದರಲ್ಲಿ ತಪ್ಪಿಲ್ಲ.

ಕವರ್‌ಗೆ ಸಿಲಿಕಾನ್ ಸೀಲಂಟ್ ಹಚ್ಚಿ, ಬೋಲ್ಟ್ ಬಿಗಿದು, ಒಂದು ಗಂಟೆ ಬಿಡಿ. ಆಕ್ಸಲ್ ಟ್ಯೂಬ್‌ನ ಗಾಳಿಕಿಂಡಿ ಕಟ್ಟಿಕೊಂಡಿದೆಯಾ ನೋಡಿ. ಕಟ್ಟಿದ್ದರೆ ಒತ್ತಡಕ್ಕೆ ಹೊಸ ಸೀಲೂ ಸೋರುತ್ತದೆ. ಆಯಿಲ್ ಜಿಎಲ್-5 ದರ್ಜೆಯದ್ದೇ ಬೇಕು. ಇದು ಹೈಪಾಯ್ಡ್ ಗೇರ್: ಪಿನಿಯನ್ ಕ್ರೌನ್‌ನ ಮಧ್ಯಗೆರೆಗಿಂತ ಕೆಳಗೆ ಕೂತಿರುತ್ತದೆ, ಹಲ್ಲುಗಳು ಉರುಳುವುದರ ಜೊತೆ ಉದ್ದಕ್ಕೆ ಜಾರುತ್ತವೆ ಕೂಡ. ಆ ತಿಕ್ಕಾಟವನ್ನು ಜಿಎಲ್-4 ತಡೆಯಲ್ಲ. ಸುಮಾರು 1.9 ಲೀಟರ್ ಹಿಡಿಯುತ್ತದೆ. ಟ್ರಾಕ್ಷನ್-ಲಾಕ್ ಇದ್ದರೆ ಅದರಲ್ಲೇ ಸುಮಾರು 120 ಮಿಲಿ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ.

ಅನುಪಾತ ಬದಲಿಸಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಗೇರ್‌ಬಾಕ್ಸ್ ಪಕ್ಕದ ಕೇಬಲ್ ತುದಿಯಲ್ಲಿರುವ ಪ್ಲಾಸ್ಟಿಕ್ ಗೇರ್ ಬದಲಿಸಬೇಕು. ಒಳಗಿನ ಡ್ರೈವ್ ಗೇರ್‌ಗೆ 7 ಹಲ್ಲಿದ್ದರೆ, 3.73ಕ್ಕೂ ಮಾಮೂಲಿ ಟೈರ್‌ಗೂ 21 ಹಲ್ಲಿನದು ಹೊಂದುತ್ತದೆ.

ಮೊದಲ 800 ಕಿಮೀ

ಹೊಸ ಗೇರ್‌ಗೆ ಶತ್ರು ಬಿಸಿ. ಮೊದಲ ಸಲ 25–30 ಕಿಮೀ ಸಮಾಧಾನವಾಗಿ ಓಡಿಸಿ, ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಿ. ಇನ್ನೂ ಎರಡು ಮೂರು ಸಲ ಹೀಗೇ ಮಾಡಿ. 800 ಕಿಮೀ ಆಗುವ ತನಕ ಟೈರ್ ಸುಡುವ ಆಟ ಬೇಡ, ಟ್ರೇಲರ್ ಎಳೆಯುವುದೂ ಬೇಡ.

ಆಮೇಲೆ ಕವರ್ ಬಿಚ್ಚಿ ಆಯಿಲ್ ಬದಲಿಸಿ, ಅಯಸ್ಕಾಂತ ಒರೆಸಿ. ಹೊಸ ಹಲ್ಲು ಪಳಗುವಾಗ ಉದುರುವ ನುಣ್ಣನೆ ಪುಡಿ ಇದ್ದೇ ಇರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸಣ್ಣಗೆ ಕೂಗಿದರೆ ಹೊಸ ಅನುಪಾತದಲ್ಲಿ ಅದು ಅಪರೂಪವಲ್ಲ. ಎಳೆಯುವಾಗ ಜೋರಾಗಿ ಕೂಗಿದರೆ ಓಡಿಸ್ತಾ ಓಡಿಸ್ತಾ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ, ಸರಿಹೋಗಲ್ಲ. ಹೇಗೂ ಕವರ್ ಬಿಚ್ಚಿದೆ, ಮತ್ತೊಮ್ಮೆ ಪೇಸ್ಟ್ ಬಳಿದು ಪ್ಯಾಟರ್ನ್ ತೆಗೆದು, ಬರೆದಿಟ್ಟ ಅಳತೆಗಳ ಜೊತೆ ಹೋಲಿಸಿ ನೋಡಿ.